ರೊಟ್ಟಿ ಮುರಿಯದ ಕವಚ

ನಮ್ಮ ಭಾವನವರು ತಮ್ಮ ತಂದೆಯನ್ನು ಕೊಲ್ಲಲಿಲ್ಲ. ಅವರ ಮೇಲೆ ಊರಿಗಿದ್ದ ಸಿಟ್ಟೆಲ್ಲ ಅದೊಂದಕ್ಕೇ!

ಗಾಬರಿಯಾಗಬೇಡಿ, ಹೇಳುತ್ತೇನೆ. ಆವತ್ತು ಅಲ್ಲಿದ್ದವರು ಯಾರ್ಯಾರೆಂದರೆ, ದೊಡ್ಡಾಟಕ್ಕೆ ಕಟ್ಟಿದ ಅಟ್ಟದ ಮೇಲೆ ರಕ್ಕಸ ದೊರೆಯಾಗಿ ನಮ್ಮ ಮಾವನವರು. ಅವರೆದುರು ಮರದ ಖಡ್ಗ ಹಿಡಿದ ರಾಜಕುಮಾರನಾಗಿ ಅವರ ಹಿರಿಯ ಮಗ, ಅಂದರೆ ನಮ್ಮ ಭಾವ. ಬದಿಗೆ ತಾಳ ಹಿಡಿದ ಆಟದ ಮಾಸ್ತರ. ಮುಂದೆ ಕಂಬಳಿ ಹೊದ್ದ ಇಡೀ ಊರು, ಜೊತೆಗೆ ಇರಕಲ್ಲಗಡದಿಂದ ಚಕ್ಕಡಿ ಕಟ್ಟಿಕೊಂಡು ಬಂದ ಬೀಗರು. ಹೆಂಗಸರ ಸಾಲಿನಲ್ಲಿ ನಮ್ಮ ಅತ್ತೆ. ನಾನಿರಲಿಲ್ಲ; ನನ್ನ ಮದುವೆಯೇ ಆಗಿರಲಿಲ್ಲ. ಆದರೆ ಅತ್ತೆ ಈ ಕತೆಯನ್ನು ಎಷ್ಟು ಸಲ ಹೇಳಿದ್ದಾರೆಂದರೆ, ನಾನೂ ಅವರ ಮಗ್ಗುಲಿಗೇ ಕೂತಿದ್ದೆ ಅಂತ ಈಗ ನನಗೇ ಅನ್ನಿಸಿಬಿಡುತ್ತದೆ.

ನಮ್ಮೂರ ದೊಡ್ಡಾಟದಲ್ಲಿ ರಕ್ಕಸ ರಾತ್ರಿಯೆಲ್ಲ ಕುಣಿದು, ಅಬ್ಬರಿಸಿ, ಮೂಡಣ ಕೆಂಪಾಗುವ ಹೊತ್ತಿಗೆ ಸಾಯಬೇಕು. ರಾಜಕುಮಾರ ಎದೆಗೊಂದು ಏಟು ಹಾಕಬೇಕು, ರಕ್ಕಸ ಉರುಳಬೇಕು, ಮಾಸ್ತರ ಮಂಗಳ ಹಾಡಬೇಕು, ಜನ ಎದ್ದು ಹಾಲು ಹಿಂಡಲು ಹೋಗಬೇಕು. ಇದು ಕ್ರಮ. ಆವತ್ತು ರಾಜಕುಮಾರ ಖಡ್ಗ ಎತ್ತಿದ. ಎತ್ತಿದವನು ಎತ್ತಿಕೊಂಡೇ ನಿಂತ. ಮಾಸ್ತರ ಅದೇ ಪದವನ್ನು ಮತ್ತೊಮ್ಮೆ ಹಾಡಿದ, ಮಗದೊಮ್ಮೆ ಹಾಡಿದ. ಕಡೆಗೆ ರಕ್ಕಸನೇ ಹಲ್ಲು ಕಚ್ಚಿ ಪಿಸುಗುಟ್ಟಿದ: "ಹೊಡಿಯಲೇ!"

"ನಾ ಹೊಡಿಯಂಗಿಲ್ಲಪಾ," ಎಂದ ರಾಜಕುಮಾರ ಖಡ್ಗ ಕೆಳಗಿಟ್ಟು, ಅಟ್ಟ ಇಳಿದು, ಕಿರೀಟದ ಸಮೇತ ಮನೆಗೆ ಹೋಗಿಬಿಟ್ಟ!

ಸೂರ್ಯ ಹುಟ್ಟಿದ. ರಕ್ಕಸ ನಿಂತೇ ಇದ್ದ. ಸಾಯೋಣವೆಂದರೆ ಕೊಲ್ಲುವವರಿಲ್ಲ, ಬದುಕೋಣವೆಂದರೆ ಕತೆಯಲ್ಲಿ ಜಾಗವಿಲ್ಲ. ಮಂಗಳ ಹಾಡದೆ ಆಟ ಬಿಟ್ಟ ಊರು ಎಂದು ಸುತ್ತೆಲ್ಲ ಹೆಸರಾಯಿತು. ಮಾವನವರು ತಾವರಗೇರಾ ಸಂತೆಗೆ ಹೋದರೂ ಜನ ಬಿಡುತ್ತಿರಲಿಲ್ಲ: "ಏನ್ರಿ ಹಿರೇರ, ನಿಮ್ಮೂರ ರಕ್ಕಸ ಇನ್ನೂ ಜೀವಂತ ಅದಾನಂತಲ್ಲ! ದನಾ ಕರಾ ಹೊರಗ ಬಿಡಬೌದೋ ಹೆಂಗ?"

ಅಲ್ಲಿಗೆ ಅಪ್ಪ-ಮಗನ ಮಾತು ನಿಂತಿತು. ಹೊಡೆಯಲಿಲ್ಲ ಏಕೆ ಎಂದು ಅಪ್ಪ ಕೇಳಲಿಲ್ಲ, ಮಗ ಹೇಳಲಿಲ್ಲ.

ಇಂಥ ಮನೆಗೆ ನಾನು ಎಂಬತ್ತರ ದಶಕದ ಮೊದಲಿಗೆ ಕಿರಿಯ ಸೊಸೆಯಾಗಿ ಬಂದೆ. ನನ್ನ ಗಂಡ ಕುಷ್ಟಗಿಯಲ್ಲಿ ಸಾಲಿ ಮಾಸ್ತರರು, ಶನಿವಾರ ಬಂದು ಸೋಮವಾರ ಹೋಗುವವರು. ಉಳಿದ ದಿನ ಮನೆಯಲ್ಲಿ ನಾವು ನಾಲ್ವರು, ಮಾತು ಮಾತ್ರ ಒಬ್ಬರದೇ! ಮಾವನವರು ಭಾವನ ಜೊತೆ ಮಾತಾಡರು. ಭಾವನೆದುರು ನಿಂತು ಮಾತಾಡುವ ಪದ್ಧತಿ ಸೊಸೆಯಾದ ನನಗಿಲ್ಲ. ಹೀಗಾಗಿ ಎಲ್ಲರ ಮಾತೂ ಅತ್ತೆಯ ಮೂಲಕವೇ ಹೋಗಿ ಬರಬೇಕು. ಅಪ್ಪ-ಮಗ ಒಂದೇ ಸಾಲಿನಲ್ಲಿ ಉಣ್ಣುತ್ತ ಕೂತಿರುವರು.

"ನಿನ್ನ ಮಗಗ ಹೇಳು, ಬಾವಿ ಮೋಟರಿನ ಸಪ್ಪಳ ಬ್ಯಾರೆ ಆಗೈತಿ."

"ಬೇರಿಂಗ್ ಹೋಗೈತಿ ಅಂತ ನಿನ್ನ ಗಂಡಗ ಹೇಳವ್ವ."

ಅತ್ತೆ ಇಬ್ಬರಿಗೂ ಸಾರು ಬಡಿಸುತ್ತ, "ಇಬ್ಬರಿಗೂ ಕೇಳಿಸ್ತಿಲ್ಲೋ? ಮತ್ತ ನನ್ನ ಬಾಯಿ ಯಾಕ ನೋಯಸ್ತೀರಿ?" ಎನ್ನುವರು.

ಭಾವ ಮದುವೆಯಾಗಿರಲಿಲ್ಲ. ಗಂಗಾವತಿ ಕಡೆ ಕಾಲುವೆ ಊರುಗಳಲ್ಲಿ ಪಂಪುಸೆಟ್ಟು ರಿಪೇರಿ ಮಾಡುತ್ತಿದ್ದರು. ಕೈಯಲ್ಲಿ ನಟ್ಟು ತಿರುವುವ ಪಾನಾ ಇಲ್ಲದಿದ್ದರೆ ಏನು ಮಾಡಬೇಕೆಂದೇ ತಿಳಿಯದ ಮನುಷ್ಯ. ತಾಯಿಯ ತೋಳು ನೋಯುತ್ತದೆಂದು ಮಜ್ಜಿಗೆ ಕಡೆಯಲು ಒಮ್ಮೆ ಕಡಗೋಲಿಗೆ ಪಂಪಿನ ಮೋಟರು ಕಟ್ಟಿದ್ದರಂತೆ. ಬೆಣ್ಣೆ ಬಂತು, ಸುಳ್ಳಲ್ಲ. ಆದರೆ ಗಡಿಗೆಯಲ್ಲಿ ಅಲ್ಲ, ಮಾಳಿಗೆಯ ತೊಲೆಗೆ! ಆ ತೊಲೆ ಇವತ್ತಿಗೂ ಮಿಕ್ಕ ತೊಲೆಗಳಿಗಿಂತ ಹೊಳೆಯುತ್ತದೆ.

ನಾನು ಬಂದ ಮರುವರ್ಷ ಮಾವನವರು ಚಕ್ಕಡಿಯಿಂದ ಬಿದ್ದರು. ಎಡ ಭುಜದ ಎಲುಬು ಮುರಿದು, ಕೂಡಿಕೊಳ್ಳುವಾಗ ಸೊಟ್ಟಗೆ ಕೂಡಿತು. ಕೊಪ್ಪಳದ ಡಾಕ್ಟರು, "ಈ ಭುಜದ ಮ್ಯಾಲ ಭಾರ ಹೊರಂಗಿಲ್ರಿ, ಟವೆಲ್ ಒಂದ ಹೊರಬೌದು," ಎಂದರು. ರಕ್ಕಸನ ವೇಷವೆಂದರೆ ಟವೆಲ್ಲೇ? ಎದೆಗೆ ಮರದ ಕವಚ, ಎರಡೂ ಹೆಗಲಿಗೆ ಮರದ ಭುಜಕೀರ್ತಿ, ಮೇಲೆ ಕನ್ನಡಿ ಚೂರುಗಳ ಸಾಲು. ಅದನ್ನು ಗೂಟದಿಂದ ಇಳಿಸಲು ನಾನೂ ಅತ್ತೆಯೂ ಕೂಡಿ ಹಿಡಿಯಬೇಕಾಗುತ್ತಿತ್ತು.

ಅಷ್ಟು ವರ್ಷ ನಿಂತಿದ್ದ ಆಟವನ್ನು ಊರು ಮತ್ತೆ ಆಡಿಸುವುದಿತ್ತು. ಒಂದು ದಿನ ಆಟದ ಮಾಸ್ತರ ಬಂದ. ಚಹಾ ಕುಡಿದ. ಮಳೆ ಬಗ್ಗೆ ಮಾತಾಡಿದ, ಸಜ್ಜೆ ಬಗ್ಗೆ ಮಾತಾಡಿದ, ಎತ್ತಿನ ಕಾಲಿನ ಬಗ್ಗೆ ಮಾತಾಡಿದ. ಆಟದ ಬಗ್ಗೆ ಮಾತ್ರ ಒಂದು ಮಾತೂ ಆಡದೆ ಎದ್ದು ಹೋದ. ಬೇರೆ ರಕ್ಕಸನನ್ನು ಹುಡುಕುತ್ತಿದ್ದಾರೆಂದು ಮಾವನವರಿಗೆ ತಿಳಿಯಿತು. ಗೂಟದಲ್ಲಿದ್ದ ಕವಚದ ಕನ್ನಡಿಗಳನ್ನು ಧೋತರದ ತುದಿಯಿಂದ ಒರೆಸಿದರು. ರಾತ್ರಿ ಉಣ್ಣಲು ಕರೆದರೆ, "ಹಸಿವಿಲ್ಲ" ಎಂದರು.

ಮರುವಾರವೇ ಭಾವ ಹೊಸಪೇಟೆಯಿಂದ ಎರಡು ಡಬ್ಬಿ, ಒಂದು ಪುಟ್ಟ ಶೀಷೆ, ಒಂದು ಬಿಳಿಯ ಅರಿವೆಯ ಸುರುಳಿ ಹೊತ್ತು ಬಂದಿಳಿದರು. ಪಂಪಿನ ಸಾಮಾನಿಗೆ ಹೋದವರು ಅಲ್ಲೊಂದು ಶೆಡ್ಡಿನಲ್ಲಿ ಒಡೆದ ಬಸ್ಸಿನ ಮೂತಿಯನ್ನು ಅರಿವೆ ಹಚ್ಚಿ ಸರಿಮಾಡುವುದನ್ನು ಕಂಡು, ಸಂಜೆತನಕ ಅಲ್ಲೇ ನಿಂತು ಕಲಿತುಬಂದಿದ್ದರು.

"ಅವ್ವ, ಇದು ಗಾಜಿನ ಅರಿವಿ. ಇದು ರೆಸಿನ್ ಅಂತ, ಜೇನುತುಪ್ಪದಂಗ ಐತಿ ನೋಡು. ಇದಕ್ಕ ಆ ಶೀಷೇದಾಗಿಂದು ನಾಕು ಹನಿ ಹಾಕಿ ಅರಿವಿಗೆ ಬಳದರ ಕಲ್ಲಾಗತೈತಿ. ಕಲ್ಲಿನಂಗ ಗಟ್ಟಿ, ಹಪ್ಪಳದಂಗ ಹಗರ!"

"ಜೇನುತುಪ್ಪ ಹಿಂಗ ನಾರತೈತೇನೋ?" ಎಂದು ಅತ್ತೆ ಸೆರಗು ಮೂಗಿಗೆ ಹಿಡಿದರು. ಪಂಕ್ಚರ್ ಅಂಗಡಿಯೂ ದವಾಖಾನೆಯೂ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದಂಥ ವಾಸನೆ. ಎಮ್ಮೆ ಎರಡು ದಿನ ಸರಿಯಾಗಿ ಹಾಲು ಕೊಡಲಿಲ್ಲ.

ಯಾರಿಗಾಗಿ ಮಾಡುತ್ತಿದ್ದಾರೆಂದು ಯಾರೂ ಕೇಳಲಿಲ್ಲ. ಕೇಳುವಂಥದ್ದೇನಿತ್ತು? ಕಷ್ಟವಿದ್ದದ್ದು ಅಳತೆಗೆ! ಮಾತೇ ಇಲ್ಲದ ಅಪ್ಪನ ಎದೆಗೆ ಟೇಪು ಹಿಡಿಯುವುದು ಹೇಗೆ? ಭಾವ ಮನೆಯೆಲ್ಲ ಸುತ್ತಾಡಿ, ಪಾತ್ರೆಗಳ ಮೇಲೆ ಕೈಯಾಡಿಸಿ, ಕಡೆಗೆ ಬಚ್ಚಲಿನ ತಾಮ್ರದ ಹಂಡೆಯ ಮುಂದೆ ನಿಂತರು. ಮಾವನವರ ದೇಹಕ್ಕೂ ಹಂಡೆಗೂ, ಸತ್ಯ ಹೇಳಬೇಕೆಂದರೆ, ಹೆಚ್ಚಿನ ಭೇದವಿರಲಿಲ್ಲ.

ಅಚ್ಚಿಗೆ ಮೊದಲು ಮೇಣ ಸವರಬೇಕು, ಇಲ್ಲವೆಂದರೆ ಬಿಟ್ಟುಕೊಳ್ಳುವುದಿಲ್ಲ ಎಂದು ಹೊಸಪೇಟೆಯವರು ಹೇಳಿ ಕಳಿಸಿದ್ದರು. ಮೇಣ ಸಿಗಲಿಲ್ಲ. ಜಾರುವುದು ತಾನೇ ಮುಖ್ಯ ಎಂದು ಭಾವ ಬೆಣ್ಣೆ ಸವರಿದರು! ಕವಚ ಹಂಡೆಯನ್ನು ಅಪ್ಪಿಕೊಂಡದ್ದು ಅಪ್ಪಿಕೊಂಡೇ ಇತ್ತು. ಬೆಳಿಗ್ಗೆ ಸ್ನಾನಕ್ಕೆ ಬಂದ ಮಾವನವರು ಕವಚ ತೊಟ್ಟ ಹಂಡೆಯನ್ನು ನೋಡಿ, "ನಿನ್ನ ಮಗನ್ನ ಕೇಳು, ಹಂಡೆ ಯಾರ ಮ್ಯಾಲ ದಂಡು ಹೊಂಟೈತಿ?" ಎಂದರು. ಉಳಿ ಹಿಡಿದು ಬಿಡಿಸಿದ್ದಾಯಿತು. ಹಂಡೆಗೆ ತಗ್ಗು ಬಿತ್ತು, ಅತ್ತೆಯ ಮುಖ ಒಂದು ವಾರ ಆ ತಗ್ಗಿನಂತೆಯೇ ಇತ್ತು.

ಎರಡನೆಯ ಸಲ ಬಿಸಿಲು ಕೈಕೊಟ್ಟಿತು. ನಮ್ಮ ಬೇಸಿಗೆ ನಿಮಗೆ ಗೊತ್ತಲ್ಲ? ಇಲ್ಲಿ ಶೀಷೆಯ ಔಷಧಿ ಒಂದೆರಡು ಹನಿ ಹೆಚ್ಚಾದರೆ ರೆಸಿನ್ನು ಡಬ್ಬಿಯಲ್ಲೇ ಕಾದು, ಹೊಗೆಯಾಡಿ, ಬಂಡೆಯಾಗುತ್ತದೆ. ಭಾವ ಬೇವಿನ ಗಿಡದ ಕೆಳಗೆ ಡಬ್ಬಿಯ ಮೇಲೆ ಬಗ್ಗಿ ಕಲಸುತ್ತಲೇ ಇದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಡಬ್ಬಿಯಿಂದ ಹೊಗೆ! ಅತ್ತೆ ಮನೆಯಲ್ಲಿಲ್ಲ. ಯಾರಿಗೆ ಹೇಳಲಿ? ಕಿಟಕಿಗೆ ಹೇಳಲೇ, ಕಂಬಕ್ಕೆ ಹೇಳಲೇ?

"ಭಾವಾರ! ಡಬ್ಬಿ ಒಗೀರಿ! ಬೆಂಕಿ ಹತ್ತತೈತಿ, ಒಗೀರಿ!" ಎಂದು ಕಿರುಚಿಬಿಟ್ಟೆ.

ಭಾವ ಡಬ್ಬಿ ಒಗೆದರು. ಹೊಗೆಗಿಂತ ನನ್ನ ದನಿಗೇ ಹೆಚ್ಚು ಹೆದರಿದ್ದರು. ಸಂಜೆ ತಾಯಿಗೆ, "ಅವ್ವ, ನಿನ್ನ ಸೊಸಿಗೆ ಬಾಯಿ ಐತಿ," ಎಂದರಂತೆ. "ನಿನಗ ಕಿವಿ ಇದ್ದದ್ದು ನನಗೂ ಇವತ್ತ ಗೊತ್ತಾತು," ಎಂದರಂತೆ ಅತ್ತೆ. ಆಮೇಲೆ ಭಾವ ಬೆಳಗಿನ ತಂಪಿನಲ್ಲಿ ಮಾತ್ರ ಕೆಲಸ ಮಾಡತೊಡಗಿದರು. ನಾನು ಕಿಟಕಿಯಿಂದ ನೇರವಾಗಿ ಮಾತಾಡತೊಡಗಿದೆ. ಪದ್ಧತಿ ಅಷ್ಟು ಸುಲಭವಾಗಿ ಮುರಿಯುತ್ತದೆಂದು ನಾನು ತಿಳಿದಿರಲಿಲ್ಲ.

ಆ ಗಾಜಿನ ಅರಿವೆಯ ತುರಿಕೆಯ ಕತೆ ಹೇಳಬೇಕೇ? ಕಣ್ಣಿಗೆ ಕಾಣದ ನವಿರು ಎಳೆಗಳು ಚರ್ಮಕ್ಕೆ ಚುಚ್ಚಿಕೊಂಡು ಕಡಿಯುತ್ತಿದ್ದವು. ಭಾವ ಎರಡೂ ಕೈ ಪರಪರ ಕೆರೆದುಕೊಳ್ಳುವುದನ್ನು ನೋಡಲಾರದೆ, ನಾನು ಗೋದಿ ಹಿಟ್ಟನ್ನು ಮೆತ್ತಗೆ ಕಲಸಿ ಉಂಡೆ ಮಾಡಿ ಕಿಟಕಿಯಲ್ಲಿಟ್ಟೆ. "ಒತ್ತಿ ಒತ್ತಿ ಎತ್ರಿ, ತಿಕ್ಕಬ್ಯಾಡ್ರಿ." ಎಳೆಗಳು ಹಿಟ್ಟಿಗೆ ಅಂಟಿಕೊಂಡು ಬಂದವು. ನನ್ನ ಸ್ವಂತ ಸಂಶೋಧನೆ ಇದು!

ಹಂಡೆಯ ಆಸೆ ಬಿಟ್ಟ ಭಾವ ಕುಂಬಾರರಿಂದ ಮಣ್ಣು ತಂದರು. ಬೇವಿನ ಕೆಳಗೆ ಕೂತು, ಬರೀ ನೆನಪಿನಿಂದ ಅಪ್ಪನ ಎದೆ, ಬೆನ್ನು, ಹೆಗಲು ತಿದ್ದತೊಡಗಿದರು. ಮಾತಾಡದ ಇಷ್ಟು ವರ್ಷ ಅಪ್ಪನನ್ನು ಎಷ್ಟು ನೋಡಿದ್ದರೋ! ತಲೆಯಿಲ್ಲದ ಮಾವನವರು ಅಂಗಳದಲ್ಲಿ ಎದ್ದು ನಿಂತಂತಾಯಿತು. ಹೊಲಕ್ಕೆ ಹೊರಟಿದ್ದ ಮಾವನವರು ಅದನ್ನು ಕಂಡು ನಿಂತರು. ಸುತ್ತ ಒಂದು ಸಲ ತಿರುಗಿದರು. ಸಿಟ್ಟಿನಿಂದ ಒದೆಯುತ್ತಾರೋ ಏನೋ!

"ನಿನ್ನ ಮಗಗ ಹೇಳು," ಎಂದರು ಅತ್ತೆಗೆ, ಎಡ ಹೆಗಲು ಮುಟ್ಟಿಕೊಂಡು. "ಈ ಕಡಿ ಇನ್ನೊಂದೀಟು ಇಳೀಬೇಕು."

ಭಾವ ಹೆಬ್ಬೆರಳಿನಿಂದ ಮಣ್ಣಿನ ಹೆಗಲನ್ನು ಒತ್ತಿ ಇಳಿಸಿದರು. ಮಾವನವರು ಹೊಲಕ್ಕೆ ಹೋದರು.

ಕವಚ ಬಿಟ್ಟುಕೊಂಡಿತು, ಈ ಸಲ ಮೇಣ ಸವರಿದ್ದರು. ಮುಗಿಯಿತಪ್ಪ ಎಂದುಕೊಂಡರೆ ನಿಜವಾದ ಹುಚ್ಚು ಶುರುವಾದದ್ದೇ ಆಗ. ಭಾವ ಎದೆಗವಚವನ್ನು ಬೇವಿನ ಗಿಡಕ್ಕೆ ಕಟ್ಟಿದರು. ಅದರ ಹಿಂದೆ ಒಂದು ಖಡಕ್ ಜೋಳದ ರೊಟ್ಟಿ ಸಿಕ್ಕಿಸಿದರು. ಹಳೆಯ ಮರದ ಖಡ್ಗ ತಂದು ಢಬ್ಬೆಂದು ಹೊಡೆದರು! ಬಿಚ್ಚಿ ನೋಡಿದರೆ ರೊಟ್ಟಿ ಪುಡಿಪುಡಿ. ಒಳಗಿನಿಂದ ಇನ್ನೊಂದು ಪದರ ಗಾಜಿನ ಅರಿವೆ ಹಚ್ಚಿದರು. ಒಣಗಿದ ಮೇಲೆ ಮತ್ತೆ ರೊಟ್ಟಿ, ಮತ್ತೆ ಢಬ್! ಓಣಿಯ ಜನ ಗೋಡೆ ಮೇಲಿಂದ ಇಣುಕಿ, "ಗಿಡ ಏನ ತಪ್ಪು ಮಾಡೇತ್ರಿ?" ಎಂದು ಕೇಳುವರು. "ರೊಟ್ಟಿ ಬಡದು ಬಡದು ನನ್ನ ಕೈ ಬಿದ್ದು ಹೋದವು. ಕವಚ ಮಾಡ್ಲಿಕ್ಹತ್ಯಾನೋ, ರೊಟ್ಟಿ ಪುಡಿ ಮಾಡಿ ಮಾದ್ಲಿ ಮಾಡ್ಲಿಕ್ಹತ್ಯಾನೋ!" ಎಂದು ಅತ್ತೆ ಗೊಣಗುವರು.

ಒಂದು ಮುಂಜಾನೆ ಏಟಿನ ಸದ್ದು ನಿಂತಿತು. ಭಾವ ಇಡೀ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಒಂದು ಬಿರುಕೂ ಇಲ್ಲ! ಅಲ್ಲೇ ಹೊಸ್ತಿಲ ಮೇಲೆ ಕೂತು, ಶೇಂಗಾ ಚಟ್ನಿ ಹಾಕಿಸಿಕೊಂಡು ಆ ರೊಟ್ಟಿಯನ್ನು ತಿಂದರು.

"ಅತ್ತಿ, ಹೊಡೆದು ಯಾಕ ನೋಡಬೇಕಿತ್ತರಿ? ತೊಡಾಕ ಹಗರ ಇದ್ದರ ಸಾಕಲ್ಲ?" ಎಂದು ನಾನು ಆಮೇಲೆ ಕೇಳಿದೆ.

ಅತ್ತೆ ಒಲೆಯ ಬೂದಿಯನ್ನೆಲ್ಲ ತೆಗೆದು ಮುಗಿಸಿದರು. "ಅವತ್ತ ಆಟ ಬಿಟ್ಟ ಮ್ಯಾಲ ನಿಮ್ಮ ಮಾವ ಅಂಗಿ ಬಿಚ್ಚಿದ್ರು. ಆ ಮರದ ಕವಚದ ಭಾರಕ್ಕ ಪಟ್ಟಿ ಕೊರದು ಹೆಗಲ ಹರಿದಿತ್ತು ತಂಗಿ. ಅಂಗಿ ರಕ್ತಕ್ಕ ಮೆತ್ತಿಗೊಂಡಿತ್ತು. ಯಾರಿಗೂ ಹೇಳಬ್ಯಾಡ ಅಂದ್ರು, ನಾ ಹೇಳಲಿಲ್ಲ. ಎದುರಿಗೆ ಖಡ್ಗ ಹಿಡಕೊಂಡು ನಿಂತಾವಗ ಕಂಡಿರಬೇಕು. ಅವರಪ್ಪ ಹೆಂಗ ತೇಕತಿದ್ದರು ಅನ್ನೂದು ಅವಗಷ್ಟ ಕಂಡಿರಬೇಕು."

ಈ ಕತೆಯನ್ನು ಅಷ್ಟು ಸಲ ಹೇಳಿದ್ದ ಅತ್ತೆ ಇದೊಂದನ್ನು ಮಾತ್ರ ಅಲ್ಲಿಯವರೆಗೆ ಹೇಳಿರಲಿಲ್ಲ.

ನಾನೂ ಅತ್ತೆಯೂ ಹಳೆಯ ಕನ್ನಡಿ ಚೂರುಗಳನ್ನು ಬಿಡಿಸಿ ಹೊಸ ಕವಚಕ್ಕೆ ಅಂಟಿಸಿದೆವು. ಭಾವ ಬಂಗಾರದ ಬಣ್ಣ ಹಚ್ಚಿ, ಯಾರೂ ಇಲ್ಲದ ಹೊತ್ತು ನೋಡಿ ಅದೇ ಗೂಟಕ್ಕೆ ತೂಗುಹಾಕಿದರು. ಮಾವನವರು ಬಂದರು. ಹಳೆಯ ಅಭ್ಯಾಸದಂತೆ ಕಾಲು ಅಗಲಿಸಿ, ಉಸಿರು ಬಿಗಿದು, ಬಲಗೈಯಿಂದ ಭಾರವೆತ್ತುವವರ ಹಾಗೆ ಎತ್ತಿದರು. ಕವಚ ಹಾರಿ ಬಂದು ಅವರ ಗದ್ದಕ್ಕೇ ಬಡಿಯಿತು!

"ಇದೇನ ರಕ್ಕಸನ ಕವಚೋ, ಕೋಳಿ ಪುಕ್ಕೋ?" ಎಂದರು. ಹೆಗಲಿಗೆ ಹಾಕಿಕೊಂಡರು. ಎಡಗಡೆಯ ಇಳಿದ ಭುಜಕ್ಕೆ ಅದು ಹೇಳಿ ಮಾಡಿಸಿದ ಹಾಗೆ ಕೂತಿತು. ಒಂದು ಹೆಜ್ಜೆ ಹಾಕಿದರು, ಇನ್ನೊಂದು ಹಾಕಿದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ, "ಮಾಸ್ತರಗ ಹೇಳಿ ಕಳಸ್ರಿ. ರಕ್ಕಸ ನಾನ. ರಾಜಕುಮಾರ ಮೊದಲಿನಾವನ ಆಗಬೇಕು. ಅವಂದೊಂದು ಕೆಲಸ ಬಾಕಿ ಉಳದೈತಿ," ಎಂದರು. ಅತ್ತೆಗೆ ಹೇಳಿದರೋ, ನನಗೋ, ಗೋಡೆಗೋ!

ಆ ಆಟಕ್ಕೆ ನಾನಿದ್ದೆ. ಮೂಡಣ ಕೆಂಪಾಯಿತು. ರಾಜಕುಮಾರ ಖಡ್ಗ ಎತ್ತಿ ನಿಂತ. ಇಡೀ ಊರು ಕಂಬಳಿ ಸರಿಸಿ ಕುತ್ತಿಗೆ ಚಾಚಿತು. ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಒಂದು ಬಳೆ ಒಡೆಯಿತು. ಢಬ್! ರಕ್ಕಸ ಓಲಾಡಿದ, ತಿರುಗಿದ, ಬಿದ್ದ, ಎದ್ದ, ಮತ್ತೆ ಬಿದ್ದ. ಇಷ್ಟು ವರ್ಷ ಬಾಕಿಯಿದ್ದ ಸಾವನ್ನೆಲ್ಲ ಒಂದೇ ಸಲ ಸತ್ತ! ಜನ ಶಿಳ್ಳೆ ಹೊಡೆದರು. ಮಾಸ್ತರ ಕಣ್ಣೊರೆಸಿಕೊಳ್ಳುತ್ತ ಮಂಗಳ ಹಾಡಿದ.

ಮನೆಗೆ ಬಂದಾಗ ಅಂಗಳಕ್ಕೆ ಬಿಸಿಲು ಇಳಿದಿತ್ತು. ಮಾವನವರು ಕವಚ ಬಿಚ್ಚಿಟ್ಟು ಬಚ್ಚಲ ಕಲ್ಲಿನ ಮೇಲೆ ಕೂತರು. ಕೂತವರು ಕಂಬಕ್ಕೆ ಬೆನ್ನು ತಿಕ್ಕತೊಡಗಿದರು. ಭಾವನಿಗೆ ಎದೆಯದ್ದೇ ಚಿಂತೆಯಾಗಿ, ಬೆನ್ನ ಕಡೆಗೆ ಒಳಗೆ ಮೆತ್ತನೆಯ ಬಟ್ಟೆ ಅಂಟಿಸುವುದನ್ನು ಮರೆತುಬಿಟ್ಟಿದ್ದರು! ಗಾಜಿನ ಎಳೆ ಚುಚ್ಚಿ ಬೆನ್ನೆಲ್ಲ ಕೆಂಪಗೆ ದದ್ದು.

"ನನ್ನ ಮಗಗ ಏನ ಹೇಳ್ಲಿ, ಹೇಳ್ರಿ," ಎಂದು ಅತ್ತೆ ನಗು ತಡೆದುಕೊಂಡು ಕೇಳಿದರು.

ಮಾವನವರು ಅತ್ತೆಯನ್ನು ದಾಟಿ ಮಗನ ಕಡೆ ನೋಡಿದರು. "ಲೇ," ಎಂದರು. ಭಾವ ಹಿಂದೆ ಯಾರಾದರೂ ಇದ್ದಾರೋ ಎಂದು ತಿರುಗಿ ನೋಡಿದರು. "ಲೇ, ನಿನಗ ಅಂದದ್ದು. ಬೆನ್ನು ಕಡೀಲಿಕ್ಹತ್ತೈತಿ. ಬಾ ಇಲ್ಲಿ."

ನಾನು ಗೋದಿ ಹಿಟ್ಟು ಕಲಸಿ ತಂದುಕೊಟ್ಟೆ. ಭಾವ ಅರ್ಧ ಬಣ್ಣದ ಮುಖದಲ್ಲೇ ಅಪ್ಪನ ಹಿಂದೆ ಕೂತು, ಉಂಡೆಯನ್ನು ಒತ್ತಿ ಒತ್ತಿ ಎತ್ತತೊಡಗಿದರು.

"ಮ್ಯಾಲ."

"ಇಲ್ಲೇನಪಾ?"

"ಇನ್ನೊಂದೀಟು ಎಡಕ್ಕ."

ಎಡ ಹೆಗಲ ಮೇಲೆ ಮರದ ಕವಚದ ಪಟ್ಟಿ ಕೊರೆದ ಹಳೆಯ ಗಾಯದ ಕಲೆಯ ಹತ್ತಿರ ಭಾವನ ಕೈ ನಿಂತಿತು.

"ಅದು ಹಳೇದು, ಬಿಡು," ಎಂದರು ಮಾವನವರು. "ಅದರ ಕೆಳಗ ಒತ್ತು."

ಅತ್ತೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತರು. ಆವತ್ತು ಅವರು ಯಾರ ಮಾತನ್ನೂ ಯಾರಿಗೂ ಮುಟ್ಟಿಸಬೇಕಾಗಲಿಲ್ಲ.