ಬಾಲಿಯಲ್ಲಿ ಬೆನ್ನುನೋವು

ವಿಮಾನವನ್ನು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದ್ದಷ್ಟೇ ಗೊತ್ತಿರುವ ನಾನು ಪರದೇಶದ ಕತೆ ಹೇಳಹೊರಟಿದ್ದು ಅಧಿಕಪ್ರಸಂಗವೇ. ದಯವಿಟ್ಟು ಕ್ಷಮಿಸಿ. ಜೊತೆಗೆ ಹೋದವರು ಹೇಳಿದಷ್ಟನ್ನೇ ಬರೆದಿದ್ದೇನೆ, ತಪ್ಪಿದ್ದರೆ ನನ್ನದು.

ಎಲ್ಲದಕ್ಕೂ ಕಾರಣ ಒಂದು ಮಿಕ್ಸರ್. ಕಾಯ್ಕಿಣಿ ಊರಿನ ರೈತ ಶನಿಯಾರ ಅದನ್ನು ಹೊನ್ನಾವರದಲ್ಲಿ ಕೊಂಡಾಗ ಸಿಕ್ಕ ಕೂಪನ್ನಿಗೆ ಇಬ್ಬರ ಬಾಲಿ ಪ್ರವಾಸ ಬಹುಮಾನ ಬಂತು. ಪಾಸ್‌ಪೋರ್ಟನ್ನೂ ಅಂಗಡಿಯವರೇ ಓಡಾಡಿ ಮಾಡಿಸಿದರು. ಆದರೆ ಹೊರಡುವುದು ಜುಲೈಯಲ್ಲಿ, ಸರಿಯಾಗಿ ನಾಟಿಯ ವಾರ. ಪಕ್ಕದ ಮನೆಯ ದಾಸ ಇವನ ಗದ್ದೆಯಲ್ಲಿ ಎರಡು ದಿನ ನೆಟ್ಟಿದ್ದ. ಮುಯ್ಯಿಗೆ ಇವನೂ ಅವನ ಗದ್ದೆಯಲ್ಲಿ ಎರಡು ದಿನ ನೆಡಬೇಕು. ತಪ್ಪಿಸಿಕೊಂಡವನ ಗದ್ದೆಗೆ ಮುಂದಿನ ವರ್ಷ ಊರಿನ ಒಬ್ಬರೂ ಇಳಿಯುವುದಿಲ್ಲ.

ಶನಿಯಾರ ದಾಸನೆದುರು ಸೊಂಟದ ಮೇಲೆ ಕೈಯಿಟ್ಟ. "ಬೆನ್ನು ಹಿಡ್ದುಹೋತು ಮಾರಾಯ. ಕುಮಟೆ ಆಸ್ಪತ್ರೇಲಿ ಒಂದು ವಾರ ಮಲಗ್ಬೇಕಂತೆ."

ನೋಡಿಕೊಳ್ಳಲು ಹೆಂಡತಿ ಹೊನ್ನಿಯೂ ಬೇಕಲ್ಲ! ಇಬ್ಬರೂ ಯಾರಿಗೂ ಸುಳಿವು ಕೊಡದೆ ವಿಮಾನ ಹತ್ತಿದರು.

ಬಾಲಿಯಲ್ಲಿ ಮೂರನೆಯ ದಿನ, ಪ್ರವಾಸದ ಗುಂಪಿನಲ್ಲಿದ್ದ ಕುಮಟೆಯ ಮಾಲತಿ ಟೀಚರು ಸಮುದ್ರ ನೋಡಿ ಮೂಗು ಮುರಿದರು. "ಮರಳು, ತೆರೆ ನಮ್ಮಲ್ಲಿ ಇಲ್ವಾ? ಊರೊಳಗೆ ಎಂತ ಉಂಟು ನೋಡುವಾ."

ಬಸ್ಸು ಗುಡ್ಡ ಹತ್ತಿತು. ಇಳಿದು ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ!

"ಇವತ್ತಿನ ವಿಶೇಷ ಮನರಂಜನೆ, ನಾಟಿ!" ಎಂದ ಗೈಡು.

ಶನಿಯಾರ ಬಿಸಿಲಿಗೆ ಹಾಕಿದ ಬಂಗಡೆ ಮೀನಿನಂತೆ ಬಾಯಿಬಿಟ್ಟ.

ಕೆಂಪು ಮೋರೆಯ ಬಿಳಿಯನೊಬ್ಬ ಆಗಲೇ ಕೆಸರಲ್ಲಿ ನಿಂತು, ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿದ ಹಾಗೆ ಸಸಿ ಚುಚ್ಚುತ್ತಿದ್ದ. ಹೊನ್ನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಸಸಿ ಸಾಯ್ತದೆ!" ಎನ್ನುತ್ತ ಸೀರೆ ಎತ್ತಿಕಟ್ಟಿ ಇಳಿದವಳು ನಾಟಿಯ ಹಾಡನ್ನೂ ತೆಗೆದಳು.

"ನೀವೂ ಇಳೀರಿ, ಫೋಟೋ ತೆಗೀತೇನೆ" ಎಂದು ಟೀಚರು ಶನಿಯಾರನ ಫೋನು ಕಸಿದುಕೊಂಡು ಮೆಲ್ಲನೆ ನೂಕಿದರು. ಅವನು ಮೊಣಕಾಲುದ್ದ ಹೂತುಹೋದ. ಕೈಗೆ ಸಸಿ ಸಿಕ್ಕಿತು. ಹಳೆಯ ಚಾಳಿ, ಬಗ್ಗಿ ನೆಡತೊಡಗಿದ.

ಅಷ್ಟರಲ್ಲಿ ಫೋನು ಕೂಗಿತು. "ಯಾರೋ ದಾಸ ಅಂತೆ!" ಎಂದ ಟೀಚರು ವಿಡಿಯೋ ಕರೆ ಒತ್ತಿ ಅವನತ್ತ ಹಿಡಿದೇಬಿಟ್ಟರು.

ಪರದೆಯಲ್ಲಿ ದಾಸ, ಪಕ್ಕದಲ್ಲಿ ಅವನ ಹೆಂಡತಿ ನಾಗಿ, ಅವಳ ಕೈಯಲ್ಲಿ ಸ್ಟೀಲಿನ ಡಬ್ಬಿ.

"ಎಲ್ಲಿದ್ದೀಯೋ? ನಿಂಗೆ ಗಂಜಿ ತಂದು ಕುಮಟೆ ಆಸ್ಪತ್ರೆ ಪೂರಾ ಹುಡ್ಕಿ ಆತು. ನಿನ್ನ ಹೆಸರೇ ಇಲ್ಲ ಅಂತಾರೆ! ಅರೆ, ಅದೆಂತ ಕೆಸರು?" ಎಂದ ದಾಸ.

ಶನಿಯಾರನಿಗೆ ಸಿಡಿಲು ಬಡಿದಂತಾಯಿತು. "ಇದು... ಬೇರೆ ಆಸ್ಪತ್ರೆ. ದೂರ. ಮಣ್ಣಿನ ಚಿಕಿತ್ಸೆ."

"ಸಸಿ ಎಂತಕ್ಕೆ?"

"ಬಗ್ಗಿ ನೆಟ್ರೆ ಬೆನ್ನು ಸಡಿಲ ಆಗ್ತದಂತೆ."

"ಹಿಂದೆ ಆ ಕೆಂಪು ಮೋರೆ?"

"ಡಾಕ್ಟರು."

"ಹೊನ್ನಕ್ಕ ಎಂತಕ್ಕೆ ಹಾಡೂದು?" ನಾಗಿ ಕೇಳಿದಳು.

"ಅದೂ ಚಿಕಿತ್ಸೆಯೇ."

ದಾಸ ಫೋನಿಗೆ ಮುಖ ಹತ್ತಿರ ತಂದು ಗದ್ದೆಯನ್ನೆಲ್ಲ ನೋಡಿದ. ಆಮೇಲೆ ಅವನ ಮುಖ ಅರಳಿತು. "ಆತು ಮಾರಾಯ! ನೀನಿಲ್ದೆ ಎಂತಾ ಮಾಡೂದು ಅಂತ ನಾಟಿ ಮುಂದೆ ಹಾಕಿದ್ದೆ. ನೀ ಬಂದ ಮರುದಿನವೇ ಸುರು. ಎರಡು ದಿನ ಎಂತಕ್ಕೂ ಸಾಲೂದಿಲ್ಲ. ಬೆನ್ನು ಪೂರಾ ಗುಣ ಆಗೂವರೆಗೂ ನಮ್ಮ ಗದ್ದೇಲೇ ನೆಡು. ಹಾಂ, ನಿಮ್ಮ ಡಾಕ್ಟರಿಗೆ ಹೇಳು, ಸಸಿ ರಾಶಿ ದೂರ ದೂರ ನೆಡ್ತಾ ಇದ್ದಾರೆ."

ಊರಿಗೆ ಬಂದ ಶನಿಯಾರ ಎಂಟು ದಿನ ನೆಟ್ಟ. ಒಂಬತ್ತನೆಯ ದಿನ ಬೆನ್ನು ನಿಜವಾಗಿಯೂ ಹಿಡಿಯಿತು. ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಮತ್ತೆ ಚಿಕಿತ್ಸೆ!

ದಾಸ ಅದನ್ನೆಲ್ಲ ನಂಬಿದ್ದನೋ, ತಿಳಿದೂ ತಿಳಿದೂ ಹಾಗೆ ಅಂದನೋ? ನಾನು ಕೇಳಿಯೂ ನೋಡಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ ಕೂತ. ನನಗೆ ಇವತ್ತಿಗೂ ಗೊತ್ತಾಗಿಲ್ಲ.