ಬೊಟ್ಟಿಟ್ಟ ಲೆನ್ಸು

ಮುನಿಯಣ್ಣ: ಕೂರಲ್ಲ ಅಂದ್ರೇನು ವಾಜಿದ್ ಭಾಯ್? ಇನ್ನೊಂಚೂರು ಒತ್ತಿ, ತಾನಾಗೇ ಕೂರ್ತೈತೆ.

ವಾಜಿದ್: ಒತ್ತಿದ್ರೆ ಮುರಿಯುತ್ತೆ ಅಣ್ಣಾ. ನೀವು ತಂದಿರೋದು ನಿಕಾನ್ ಲೆನ್ಸು. ಇದು ಕ್ಯಾನನ್ ಕ್ಯಾಮೆರಾ. ಅದರ ಬಾಯಿ ಬೇರೆ, ಇದರ ಬಾಯಿ ಬೇರೆ.

ಮುನಿಯಣ್ಣ: ಯಶವಂತಪುರದಲ್ಲಿ ಮೂವತ್ತು ವರ್ಷ ಲಾರಿ ಗ್ಯಾರೇಜ್ ನಡೆಸಿದೋನು ನಾನು. ಒಂದು ಕಂಪ್ನಿ ಗೇರ್‌ಬಾಕ್ಸ್ ಇನ್ನೊಂದು ಕಂಪ್ನಿ ಲಾರಿಗೆ ಕೂರ್ಸಿ ಪೂನಾಗಂಟ ಓಡ್ಸಿದ್ದೀನಿ. ಒಂದು ವಾಷರ್ ಹಾಕುದ್ರೆ ಮುಗೀತು!

ರಾಮಲಕ್ಷ್ಮಮ್ಮ: ಪೂನಾಕ್ಕೆ ಹೋಗಿದ್ದು ಹೇಳಿದ್ರಿ. ಆ ಲಾರಿ ವಾಪಸ್ ಬಂತಾ, ಅದನ್ನೂ ಹೇಳ್ಬಿಡಿ.

ವಿಜಯದಶಮಿಯ ಬೆಳಿಗ್ಗೆ ಆರ್.ಟಿ. ನಗರದಲ್ಲಿರುವ ವಾಜಿದ್‌ನ ಕ್ಯಾಮೆರಾ ಅಂಗಡಿಯಲ್ಲಿ ಈ ವಾದ ನಡೆದಿತ್ತು. ಲೋಕದ ಜನ ಮೊದಲು ಕ್ಯಾಮೆರಾ ಕೊಂಡು ಆಮೇಲೆ ಅದಕ್ಕೊಪ್ಪುವ ಲೆನ್ಸು ಹುಡುಕುತ್ತಾರೆ. ಮುನಿಯಣ್ಣನವರಿಗೆ ಅಂಥ ಸಣ್ಣ ಬುದ್ಧಿ ಎಲ್ಲಿಂದ ಬರಬೇಕು? ಪರಿಚಯದವರೊಬ್ಬರಿಂದ ಮೊಳದುದ್ದದ ಹಳೆಯ ಲೆನ್ಸು ಕೊಂಡು, ನಿನ್ನೆ ಅದಕ್ಕೆ ಆಯುಧಪೂಜೆಯನ್ನೂ ಮುಗಿಸಿ, ಇವತ್ತು ಅದಕ್ಕೊಂದು ಕ್ಯಾಮೆರಾ ನೋಡಲು ಬಂದಿದ್ದರು. ಹೆಂಡತಿ ರಾಮಲಕ್ಷ್ಮಮ್ಮ ಜೊತೆಗೆ ಬಂದಿದ್ದು ಸಾಕ್ಷಿ ಹೇಳಲು.

ವಾಜಿದ್: ಅಣ್ಣಾ, ಹೊಸದಾಗಿ ಕಲಿಯೋರಿಗೆ ಈ ಕ್ಯಾಮೆರಾನೇ ಸರಿ. ಹಗುರ ಇದೆ. ಜೊತೆಗೆ ಕಂಪ್ನಿಯೋರೇ ಕೊಡೋ ಈ ಚಿಕ್ಕ ಲೆನ್ಸು. ತಿರುಗಣೆ ಹಸಿರು ಗುರುತಿಗೆ ಇಡಿ, ಗುಂಡಿ ಅರ್ಧ ಒತ್ತಿ, ಆಮೇಲೆ ಪೂರ್ತಿ ಒತ್ತಿ. ಉಳಿದಿದ್ದು ಅದೇ ನೋಡ್ಕೊಳ್ಳುತ್ತೆ.

ಮುನಿಯಣ್ಣ: ಹಸಿರು ಗುರುತು ಹೆಂಗಸ್ರು ಮಕ್ಳಿಗೆ. ಈ ಗಿಡ್ಡ ಲೆನ್ಸಲ್ಲಿ ಹೆಬ್ಬಾಳ ಕೆರೆ ಆ ದಡದ ಪಕ್ಷಿ ಸೊಳ್ಳೆ ಥರ ಕಾಣ್ತೈತೆ.

ರಾಮಲಕ್ಷ್ಮಮ್ಮ: ಸೊಳ್ಳೆನಾದ್ರೂ ಕಾಣಲಿ ಬಿಡಿ. ಮೊಮ್ಮಗಳ ನಾಮಕರಣದಲ್ಲಿ ನೀವು ಫೋನಲ್ಲಿ ತೆಗೆದ್ರಲ್ಲ, ಆ ಫೋಟೋದಲ್ಲಿ ಮಗುನೇ ಇಲ್ಲ. ತೊಟ್ಟಿಲಿನ ಕಾಲು ಮಾತ್ರ ಬಲು ಚೆನ್ನಾಗಿ ಬಂದಿದೆ.

ವಾಜಿದ್: ಅಷ್ಟೊಂದು ಅವಸರ ಏನಣ್ಣಾ? ನಿಧಾನವಾಗಿ ಕಲೀರಿ.

ರಾಮಲಕ್ಷ್ಮಮ್ಮ: ಫೋಟೋ ಕೊಡೋಕೆ ಭಾನುವಾರ ಕೊನೇ ದಿನ ಭಾಯ್. ನಮ್ಮ ಬೀದಿ ಸಂಘದೋರು ವರ್ಷಾ ವರ್ಷಾ ಹಕ್ಕಿ ಕ್ಯಾಲೆಂಡರ್ ಅಚ್ಚು ಹಾಕಿಸ್ತಾರೆ. ಮೂರು ವರ್ಷದಿಂದ ಅದ್ರಲ್ಲಿ ಪಕ್ಕದ್ಮನೆ ಮುರುಗೇಶ್ ಅವರ ಫೋಟೋನೇ. ಅಲ್ಲಿಂದ ಇವರಿಗೆ ನಿದ್ದೆ ಇಲ್ಲ.

ಮುನಿಯಣ್ಣ: ಎಂಗೆ ಬರ್ಬೇಕು ನಿದ್ದೆ? ಗೋಡೆ ನಂದು, ಮೊಳೆ ಹೊಡೆದೋನು ನಾನು, ನೇತಾಡೋದು ಮಾತ್ರ ‘ಚಿತ್ರ: ಮುರುಗೇಶ್’! ಬೆಳಗೆದ್ದು ಕಾಫಿ ಕುಡಿಯೋಕೆ ಹೋದ್ರೂ ಅವನೇ, ಗ್ಯಾಸ್ ಬಂದ ದಿನ ಗುರುತು ಹಾಕೋಕೆ ಹೋದ್ರೂ ಅವನೇ. ಹೊಟ್ಟೆ ಉರೀತೈತೆ ಭಾಯ್, ಸುಳ್ಳು ಯಾಕೆ ಹೇಳ್ಲಿ? ತಾತನ ಕಾಲದಿಂದ ಕೊಡಿಗೇಹಳ್ಳೀಲಿರೋರು ನಾವು. ಒಂದೇ ಒಂದು ತಿಂಗಳು ನನ್ನ ಹೆಸ್ರು ಬರ್ಲಿ. ಫೆಬ್ರವರಿ ಕೊಟ್ರೂ ಬೇಜಾರಿಲ್ಲ.

ವಾಜಿದ್‌ಗೆ ಪಾಪ ಅನ್ನಿಸಿತು. ಒಳಗಿನಿಂದ ಒಂದು ಹಳೇ ನಿಕಾನ್ ಕ್ಯಾಮೆರಾ ತಂದು ಆ ಲೆನ್ಸು ತಿರುಗಿಸಿದ. ಟಕ್ ಎಂದು ಕೂತಿತು.

ಮುನಿಯಣ್ಣ: ನೋಡ್ದೇನೇ? ಕೂತ್ಕಂತು! ಕೂರಲ್ವಂತೆ!

ವಾಜಿದ್: ಕೂತಿದೆ ಅಣ್ಣಾ, ಆದ್ರೆ ಫೋಕಸ್ ಮಾಡಲ್ಲ. ಈ ಹಳೇ ಲೆನ್ಸಲ್ಲಿ ಮೋಟರ್ ಇಲ್ಲ. ಈ ನಿಕಾನೂ ಕಲಿಯೋರದ್ದೇ, ಇದರಲ್ಲೂ ಇಲ್ಲ. ಪ್ರತಿ ಸಲ ಈ ಬಳೆ ಕೈಯಲ್ಲೇ ತಿರುಗಿಸ್ಬೇಕು.

ರಾಮಲಕ್ಷ್ಮಮ್ಮ: ಇವರು ತಿರುಗಿಸಿ ಮುಗಿಸೋಷ್ಟರಲ್ಲಿ ಹಕ್ಕಿ ನಾಗಸಂದ್ರ ದಾಟಿ ತುಮಕೂರಲ್ಲಿ ಮೊಟ್ಟೆ ಇಟ್ಟಿರುತ್ತೆ.

ಮುನಿಯಣ್ಣ: ನೀನು ಸುಮ್ನಿರೇ. (ಕ್ಯಾಮೆರಾಗೆ ಕಣ್ಣಿಟ್ಟು) ಆಹಾ! ಏನ್ ಬಣ್ಣ ಭಾಯ್! ಅಂಗಡಿ ಪೂರ್ತಿ ಸಂಜೆ ಸೂರ್ಯನ ಥರ ಕೆಂಪಗೆ ಕಾಣ್ತೈತೆ!

ಬೆಳಿಗ್ಗೆ ಹನ್ನೊಂದಕ್ಕೆ ಟ್ಯೂಬ್‌ಲೈಟಿನ ಕೆಳಗೆ ಸೂರ್ಯ ಮುಳುಗುವುದನ್ನು ವಾಜಿದ್ ಇದುವರೆಗೆ ಕಂಡಿರಲಿಲ್ಲ. ಲೆನ್ಸನ್ನು ತನ್ನ ಕಡೆ ತಿರುಗಿಸಿ ನೋಡಿದವನು ಕೌಂಟರ್ ಹಿಡಿದುಕೊಂಡ.

ವಾಜಿದ್: ಅಣ್ಣಾ... ಗಾಜಿನ ಮೇಲೆ ಇದೇನು?

ಮುನಿಯಣ್ಣ: ಅರಿಶಿನ, ಕುಂಕುಮ, ಗಂಧ. ಆಯುಧಪೂಜೆ ಅಲ್ವಾ?

ವಾಜಿದ್: ಪೂಜೆ ಮಾಡಿ ಅಣ್ಣಾ, ಬೇಡ ಅಂದೋರ್ಯಾರು? ಬೊಟ್ಟು ಲೆನ್ಸಿನ ಡಬ್ಬಿಗೆ ಇಡ್ಬೇಕು. ಗಾಜಿಗೆ ಇಡ್ತಾರಾ?

ಮುನಿಯಣ್ಣ: ಲಾರಿ ಹೆಡ್‌ಲೈಟಿಗೂ ಇಟ್ಟಿದ್ದೀನಿ. ಯಾವ ಡ್ರೈವರ್ರೂ ರೋಡ್ ಕಾಣಲ್ಲ ಅಂತ ಬರ್ಲಿಲ್ಲ.

ರಾಮಲಕ್ಷ್ಮಮ್ಮ: ಹಿಂದಿನ ಗಾಜಿಗೂ ಇಟ್ಟಿದ್ದಾರೆ ಭಾಯ್, ಬಿಚ್ಚಿ ನೋಡಿ. ಪಕ್ಷಪಾತ ಮಾಡೋ ಮನುಷ್ಯ ಅಲ್ಲ.

ಮುನಿಯಣ್ಣ: ಅಷ್ಟಕ್ಕೆ ಇಂಗ್ಯಾಕೆ ಆಡ್ತೀರಾ? ಒರೆಸಿದ್ರಾಯ್ತು.

ಎಂದವರೇ ಅಂಗಿಯ ಚುಂಗಿನಿಂದ ಗಾಜನ್ನು ಉಜ್ಜಲು ಹೊರಟರು.

ವಾಜಿದ್: ಅಯ್ಯಯ್ಯೋ, ಉಜ್ಜಬೇಡಿ! ಗೀರು ಬೀಳುತ್ತೆ! ಅಲ್ಲಾ, ಕೊಡಿ ಇಲ್ಲಿ!

ಇಬ್ಬರೂ ಲೆನ್ಸಿನ ಎರಡು ತುದಿ ಹಿಡಿದು ನಿಂತರು. ಒಬ್ಬರಿಗೆ ಒರೆಸುವ ಆಸೆ, ಇನ್ನೊಬ್ಬರಿಗೆ ಉಳಿಸುವ ಆಸೆ. ಕೊನೆಗೆ ವಾಜಿದ್ ಗೆದ್ದು, ಮೆತ್ತನೆ ಬಟ್ಟೆಗೆ ಒಂದು ಹನಿ ದ್ರಾವಣ ಹಾಕಿಕೊಂಡು ಒರೆಸತೊಡಗಿದ. ಮುನಿಯಣ್ಣ ಪಕ್ಕದಲ್ಲಿ ನಿಂತು, ಎಷ್ಟು ನಿಧಾನ, ಎಷ್ಟು ನಿಧಾನ ಎಂದು ಉಸ್ತುವಾರಿ ನೋಡಿದರು. ಅಷ್ಟರಲ್ಲಿ ಬಾಗಿಲ ಹತ್ತಿರ ‘ಕ್ಲಿಕ್’ ಎಂದಿತು.

ರಾಮಲಕ್ಷ್ಮಮ್ಮನ ಕೈಯಲ್ಲಿ ಆ ಗಿಡ್ಡ ಲೆನ್ಸಿನ ಕ್ಯಾಮೆರಾ ಇತ್ತು. ಹೊರಗೆ ಬಾಳೆಕಂದು ಕಟ್ಟಿದ ಮುನಿಯಣ್ಣನ ಸ್ಕೂಟರ್ ನಿಂತಿತ್ತು. ಅದರ ಕೊಕ್ಕೆಗೆ ನೇತು ಹಾಕಿದ್ದ ಕಡಲೆಪುರಿ ಪೊಟ್ಟಣ ಈಗ ರಸ್ತೆಯಲ್ಲಿತ್ತು.

ವಾಜಿದ್: (ಪರದೆ ನೋಡಿ) ಅಮ್ಮಾ! ಇದು ನೀವೇ ತೆಗೆದಿದ್ದಾ? ಮಾಷಾಅಲ್ಲಾ! ಕಾಗೆ ರೆಕ್ಕೆ ಬಿಚ್ಚಿದೆ, ಪೊಟ್ಟಣ ಹರಿದಿದೆ, ಪುರಿ ಎಲ್ಲಾ ಗಾಳೀಲಿ! ಒಂದೊಂದು ಪುರೀನೂ ಎಣಿಸ್ಬಹುದು!

ರಾಮಲಕ್ಷ್ಮಮ್ಮ: ಹಸಿರು ಗುರುತಿಗಿಟ್ಟೆ. ಅರ್ಧ ಒತ್ತಿದೆ, ಆಮೇಲೆ ಪೂರ್ತಿ ಒತ್ತಿದೆ. ನೀವು ಹೇಳಿದ್ದು ಕೇಳಿಸ್ಕೊಂಡೋಳು ನಾನೊಬ್ಳೇ ಅನ್ಸುತ್ತೆ.

ಮುನಿಯಣ್ಣ: ಕಾಗೆ ಕಣೇ ಅದು! ಕಾಗೇನ ಯಾರು ಕ್ಯಾಲೆಂಡರ್‌ಗೆ ಹಾಕ್ತಾರೆ?

ರಾಮಲಕ್ಷ್ಮಮ್ಮ: ಮುರುಗೇಶ್ ಮೂರು ವರ್ಷದಿಂದ ಕೊಕ್ಕರೇನೇ ಹಾಕ್ತಿದ್ದಾರೆ. ಜನ ಸ್ವಲ್ಪ ಉಸಿರಾಡಲಿ ಬಿಡಿ.

ವಾಜಿದ್: ಖಂಡಿತ ಕಳಿಸಿ ಅಮ್ಮಾ. ಇದು ಅಕ್ಟೋಬರ್ ತಿಂಗಳಿಗೇ ಬರೋ ಫೋಟೋ.

ಮುನಿಯಣ್ಣ ಫೋಟೋವನ್ನು ನೋಡಿದರು. ಮತ್ತೊಮ್ಮೆ ನೋಡಿದರು. ಚೆನ್ನಾಗಿತ್ತು, ಅದೇ ಸಂಕಟ. ಗಂಟಲು ಸರಿ ಮಾಡಿಕೊಂಡರು.

ಮುನಿಯಣ್ಣ: ಕಳ್ಸೋಣ ಬಿಡು. ಹೆಸ್ರು ಮಾತ್ರ ಮನೆ ಯಜಮಾನಂದು ಹಾಕೋದು ವಾಡಿಕೆ.

ರಾಮಲಕ್ಷ್ಮಮ್ಮ: ಒತ್ತಿದ ಬೆರಳು ನಂದು.

ಮುನಿಯಣ್ಣ: ಸ್ಕೂಟರ್ ನಂದಲ್ವೇನೇ? ಪುರಿ ನಾನು ತಂದಿದ್ದಲ್ವಾ? ನನ್ನ ಹೆಸ್ರು ಎಲ್ಲಾದ್ರೂ ಒಂದು ಮೂಲೇಲಿ ಬರ್ಬೇಕೋ ಬೇಡ್ವೋ?

ರಾಮಲಕ್ಷ್ಮಮ್ಮ: ಬರದೇ ಏನು? ನಂಬರ್ ಪ್ಲೇಟ್ ಎಷ್ಟು ಸ್ಪಷ್ಟವಾಗಿ ಬಂದಿದೆ ನೋಡಿ. ನಿಮ್ಮ ಹೆಸ್ರು ಬೇಕಾದೋರು ಆರ್‌ಟಿಓ ಆಫೀಸಲ್ಲಿ ವಿಚಾರಿಸ್ಕೋತಾರೆ.