ಕಾಕಾನ ಮನೆಯ ಮಾತು ಕೇಳುವ ದೀಪಗಳು

ನಮ್ಮ ಕಾಕಾ ಯಾವ ವಸ್ತುವನ್ನೂ ಬಿಚ್ಚಿ ನೋಡದೆ ನಂಬಿದವರಲ್ಲ. ಗ್ರೈಂಡರಿನಿಂದ ಹಿಡಿದು ಅಳಿಯನವರೆಗೆ, ಅವರ ಮನೆಯ ಹೊಸ್ತಿಲು ದಾಟಿದ್ದನ್ನೆಲ್ಲ ಬಿಚ್ಚಿ, ಒಳಗೇನಿದೆ ಎಂದು ನೋಡಿಯೇ ಸಮಾಧಾನಪಟ್ಟವರು. ಅಳಿಯನನ್ನು ಹೇಗೆ ಬಿಚ್ಚಿದರು ಎನ್ನುತ್ತೀರಾ? ಮದುವೆಗೆ ಮುಂಚೆ ಅಮರಗೋಳದ ತಮ್ಮ ಕಾಳಿನ ಅಂಗಡಿಯಲ್ಲಿ ಚೀಲದ ಮೇಲೆ ಕೂರಿಸಿ ಇಡೀ ಮಧ್ಯಾಹ್ನ ಪ್ರಶ್ನೆ ಕೇಳಿದರಂತೆ. ಆ ಮನುಷ್ಯ ಇಂದಿಗೂ ಸರಿಯಾಗಿ ಜೋಡಣೆಯಾಗಿಲ್ಲ ಎಂಬುದಷ್ಟು ನನಗೆ ಗೊತ್ತು!

ಈಗ ಅಂಗಡಿ ಮಗನ ಕೈಯಲ್ಲಿದೆ. ಬಿಚ್ಚಲು ಮನೆಯಲ್ಲಿ ಏನೂ ಉಳಿಯದ ಹೊತ್ತಿನಲ್ಲಿ, ಮಾತು ಕೇಳಿ ದೀಪ ಹಚ್ಚುವ ಸ್ಪೀಕರ್ ಡಬ್ಬಿಯೊಂದನ್ನು ತಂದರು. ಶೋಕಿಗೆ ತಂದದ್ದಲ್ಲ. ಕಾಕಿಯ ಕಣ್ಣು ಮಂದವಾಗುತ್ತ ಬಂದಿತ್ತು. ಹಗಲು ಹೇಗೋ ನಡೆಯುತ್ತಿತ್ತು. ಸಂಜೆಯಾದರೆ ಗೋಡೆಯೂ ಬಾಗಿಲೂ ಒಂದೇ. ಅಡುಗೆಮನೆಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ಸ್ವಿಚ್ಚಿಗಾಗಿ ಗೋಡೆ ತಡಕಾಡುತ್ತ ಬಿದ್ದು ಮಣಿಕಟ್ಟು ಮುರಿದುಕೊಂಡರು. ಹೋದ ದೃಷ್ಟಿ ಮರಳುವುದಿಲ್ಲ, ಇನ್ನೊಮ್ಮೆ ಬಿದ್ದು ಸೊಂಟ ಮುರಿದರೆ ಹಾಸಿಗೆಯೇ ಗತಿ, ಬೀಳದಂತೆ ನೋಡಿಕೊಳ್ಳಿ ಎಂದರು ಡಾಕ್ಟರು.

ಮರುದಿನವೇ ನನಗೆ ಫೋನು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಇಕ್ಕಳ ಹಿಡಿದವನು. ಗೋಕುಲ ರಸ್ತೆಯ ಆಚೀಚೆ ನಾನು ವೈರಿಂಗ್ ಮಾಡಿದ ಯಾವ ಮನೆಯೂ ಇದುವರೆಗೆ ಸುಟ್ಟ ವಾಸನೆ ಬಿಟ್ಟಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹೇಳದಿದ್ದರೆ ನಿಮಗೆ ಹೇಗೆ ತಿಳಿಯಬೇಕು?

"ತಮ್ಮಾ, ಲಗೂ ಬಾ. ಇನ್ನ ಮ್ಯಾಲ ನಿಮ್ಮ ಕಾಕಿ ಸ್ವಿಚ್ ಹುಡುಕೂದು ಬ್ಯಾಡ. ಸ್ವಿಚ್ಚ ಆಕಿ ಮಾತ ಕೇಳಬೇಕು!"

"ಕಾಕಾ, ಮಂದಿ ಅಡ್ಡಾಡಿದ್ರ ತಾನ ಹತ್ತೂ ಬಲ್ಬ್ ಬಂದಾವ್ರಿ. ಅವನ್ನ ಹಾಕಿಬಿಡ್ಲ್ಯಾ?"

"ಬೆಕ್ಕ ಅಡ್ಡಾಡಿದ್ರ?"

"ಆವಾಗೂ ಹತ್ತತಾವ್ರಿ."

"ಮತ್ತ! ಬೆಕ್ಕಿಗೆ ಲೈಟ್ ಹಚ್ಚಾಕ ನಂದೇನ್ ಧರ್ಮಛತ್ರ ಐತೇನು?"

ಹೋದೆ. ಹಳೆಯ ಬಲ್ಬುಗಳನ್ನು ತೆಗೆದು ಹೊಸವನ್ನು ಹಾಕಿದೆ. ಬಲ್ಬು, ಡಬ್ಬಿ, ಕಾಕಾನ ಫೋನು, ಈ ಮೂರರ ನಡುವೆ ವೈಫೈ ಬೀಗತನ ಕುದುರಿಸುವಷ್ಟರಲ್ಲಿ ನನ್ನ ಅಂಗಿ ಬೆವೆತು ಬೆನ್ನಿಗಂಟಿತು. ಕೊನೆಗೂ ಕಾಕಾ ಫೋನಿನ ಮೇಲೆ ಬೆರಳಿಟ್ಟರೆ ದೀಪ ಹತ್ತಿತು, ಇನ್ನೊಮ್ಮೆ ಇಟ್ಟರೆ ಆರಿತು. ಇನ್ನು ಬಾಯಿಂದ ಹೇಳಿದರೆ ಸಾಕು ಎನ್ನುವ ಹಂತಕ್ಕೆ ತಂದಿಟ್ಟು ಊಟಕ್ಕೆ ಕುಳಿತೆ.

ಎದ್ದು ಬಂದು ನೋಡಿದರೆ ಡಬ್ಬಿ ಕಿವುಡಾಗಿದೆ! ಡಬ್ಬಿಗೆ ಕನ್ನಡ ಬಾರದೆಂದು ಕಾಕಾ ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಹರಾಜು ಕೂಗಿದಂತೆ ಕೂಗುತ್ತಿದ್ದಾರೆ, ಅದು ಮಿಸುಕುತ್ತಿಲ್ಲ. ವೈಫೈ ನೋಡಿದೆ, ಪ್ಲಗ್ ನೋಡಿದೆ. ಆಮೇಲೆ ಡಬ್ಬಿಯ ನೆತ್ತಿ ನೋಡಿದೆ. ಹೊಸ ಯಂತ್ರ ಮನೆಗೆ ಬಂದರೆ ಪೂಜೆಯಾಗಬೇಡವೇ? ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಲ್ಲಿ ದಪ್ಪಗೆ ಎಳೆದಿದ್ದಾರೆ. ಮೈಕಿನ ತೂತುಗಳೆಲ್ಲ ಗಾರೆ ಮೆತ್ತಿದಂತೆ ಮುಚ್ಚಿವೆ!

"ಕಾಕಾ, ಇದು ಇದರ ಕಿವಿರಿ."

"ನೆತ್ತಿ ಮ್ಯಾಲ ಕಿವಿ ಇಟ್ಟವರಿಗೆ ಕೇಳು, ನನಗೇನ್ ಕೇಳ್ತಿ?"

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಕಿವಿ ಬಂತು. ಆದರೆ ಸಂಜೆಗೆ ದೀಪಗಳೇ ಸತ್ತವು. ಕೋಣೆಯಿಂದ ಹೊರಗೆ ಬರುವಾಗ ಗೋಡೆಯ ಸ್ವಿಚ್ಚನ್ನು ಟಪ್ಪೆಂದು ಆರಿಸುವುದು ಕಾಕಾನ ಜೀವಮಾನದ ವ್ರತ. ಗೋಡೆಯಲ್ಲಿ ಕರೆಂಟೇ ಇಲ್ಲದಿದ್ದರೆ ಬಲ್ಬು ಯಾರ ಮಾತು ಕೇಳೀತು? ಸ್ವಿಚ್ಚುಗಳನ್ನೆಲ್ಲ ಮೇಲೆತ್ತಿ ಅವುಗಳ ಮೇಲೆ ಟೇಪು ಸುತ್ತಿದೆ. ಕಾಕಾ ನೋಡುತ್ತ ನಿಂತರು. ಬೆರಳುಗಳು ತುರಿಸುತ್ತಿದ್ದಿರಬೇಕು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

ಇಷ್ಟಾದರೂ ದೊಡ್ಡ ತೊಡಕು ಉಳಿದೇ ಇತ್ತು. ದೀಪ ಬೇಕಾದದ್ದು ಕಾಕಿಗೆ. ಕಾಕಿ ಡಬ್ಬಿಯ ಜೊತೆ ಮಾತಾಡಲು ತಯಾರಿಲ್ಲ! ಏನು ಹೇಳುವ ಮೊದಲೂ ಅದರ ಹೆಸರು ಕರೆಯಬೇಕು. ಹೆಸರೋ, ಹೆಂಗಸಿನದು.

"ಲಗ್ನ ಆದಾಗಿಂದ ನನ್ನ ಹೆಸರು ಒಮ್ಮಿನೂ ಕರದಿಲ್ಲ ಇವರು," ಎಂದರು ಕಾಕಿ ನನ್ನ ಕಡೆ ತಿರುಗಿ. "'ಇಕಿನ', 'ಕೇಳಿಸ್ತೇನ' ಇಷ್ಟರಾಗ ಇಡೀ ಸಂಸಾರ ಮುಗಸ್ಯಾರ. ಈಗ ನೋಡು, ಮುಂಜಾನೆದ್ರ ಅಕಿ ಹೆಸರು!"

"ಅದು ಯಂತ್ರ ಐತಿ!" ಎಂದರು ಕಾಕಾ.

"ಯಂತ್ರ ಇದ್ರ ಇರಲಿ. ಕರಿಯಾಕ ನಾಚಿಕಿ ಬರೂದಿಲ್ಲೇನ್ರೀ?"

ಹೆಸರು ಬದಲಿಸಲು ನೋಡಿದೆ. ಕಂಪನಿಯವರು ಕೊಟ್ಟ ನಾಲ್ಕಾರು ಹೆಸರಿನಲ್ಲೇ ಆರಿಸಬೇಕು, ಎಲ್ಲವೂ ಕಾಕಿಯ ನಾಲಿಗೆಗೆ ಕಬ್ಬಿಣದ ಕಡಲೆ. ಕಾಕಾ ಪಾಠಕ್ಕೆ ಕುಳ್ಳಿರಿಸಿದರು. ಕಾಕಿ ಸೆರಗು ಸರಿ ಮಾಡಿಕೊಂಡು, ಪರಪುರುಷನ ಎದುರು ನಿಂತವರಂತೆ ಮುಖ ಅತ್ತ ತಿರುಗಿಸಿ, "ಏನ್ರೀ... ಅಷ್ಟ ಲೈಟ್ ಹಚ್ರಿ" ಎಂದರು. ಆ ಮನೆಯಲ್ಲಿ ಏನು ಬೇಕಾದರೂ ಅವರ ಬಾಯಿಗೆ ಬರುವುದು 'ಏನ್ರೀ' ಒಂದೇ. ಡಬ್ಬಿ ಸುಮ್ಮನಿತ್ತು. ಕಾಕಾ ಗದರಿದರು, ಬೇಡಿಕೊಂಡರು. ಮತ್ತೆ "ಏನ್ರೀ". ಅಷ್ಟಾಗಿ ಕಾಕಿ ಎದ್ದು, ನಮ್ಮ ಕಣ್ಣೆದುರೇ, ಪ್ಲಾಸ್ಟರ್ ಕಟ್ಟದ ಕೈಯಿಂದ ಗೋಡೆ ತಡಕಾಡುತ್ತ ಅಡುಗೆಮನೆಗೆ ಹೋದರು. ಕಾಕಾನ ಮುಖ ಸಣ್ಣದಾಯಿತು.

"ಕೆಲಸ ಆಗೂದಿಲ್ರಿ ಕಾಕಾ," ಎಂದೆ.

"ನೀ ಹೋಗು. ನಾ ಕಲಸ್ತೀನಿ."

ಯಾರಿಗೆ ಕಲಿಸುತ್ತಾರೆಂದು ಹೇಳಲಿಲ್ಲ.

ಕಾಕಿಯ ಪ್ಲಾಸ್ಟರ್ ಬಿಚ್ಚಿದ ವಾರ ಮತ್ತೆ ಫೋನು: "ಬಂದ್ ನೋಡು. ಕಲತೈತಿ!" ಹೊತ್ತು ಮುಳುಗುವಾಗ ಹೋದೆ. ಕಾಕಿ ಎದ್ದು ಅಡುಗೆಮನೆಯ ದಾರಿಯ ಬಾಯಲ್ಲಿ ನಿಂತು, "ಏನ್ರೀ, ಲೈಟ್" ಎಂದರು. ದೀಪ ಹತ್ತಿತು! ಹೆಸರಿಲ್ಲ, ಹಿಂದಿಯಿಲ್ಲ, ಶುದ್ಧ ಹುಬ್ಬಳ್ಳಿ 'ಏನ್ರೀ'ಗೆ! ಇಷ್ಟು ವರ್ಷದ ಕಸುಬಿನಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಡಬ್ಬಿಯನ್ನು ನೋಡಿದೆ. ಮಾತು ಕೇಳಿದಾಗ ಹೊಳೆಯಬೇಕಾದ, ಅದರ ಸುತ್ತಲಿನ ಬೆಳಕಿನ ಬಳೆ ಹೊಳೆದೇ ಇಲ್ಲ. ತಿರುಗಿ ಪಡಸಾಲೆಯತ್ತ ನೋಡಿದೆ. ಕಾಕಾ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಪೇಪರಿನ ಹಿಂದೆ ಫೋನು. ಫೋನಿನ ಮೇಲೆ ಹೆಬ್ಬೆರಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

ಸಂಜೆಯಾದರೆ ದುರ್ಗದಬೈಲಿನಲ್ಲಿ ಗೆಳೆಯರ ಜೊತೆ ಗಿರ್ಮಿಟ್ ತಿನ್ನದೆ ಇರಲಾರದ ಮನುಷ್ಯ! ಆ ಕಡೆ ಸುಳಿದು ತಿಂಗಳಾಯಿತೆಂದು ಆಮೇಲೆ ತಿಳಿಯಿತು.

ಒಳಗೆ ಕಾಕಿ ನನಗೆ ಚಹಾ ಕೊಟ್ಟರು. ಗುಟ್ಟು ಕಾಯುವುದು ನನ್ನ ಧರ್ಮವೆಂದು, "ಮಷಿನ್ ಭಾಳ ಶಾಣ್ಯಾ ಆಗೇತಲ್ರಿ ಕಾಕಿ" ಎಂದೆ.

ಕಾಕಿ ದನಿ ತಗ್ಗಿಸಿದರು. "ಕಣ್ಣ ಮಂದ ಆಗ್ಯಾವ ತಮ್ಮಾ, ಕಿವಿ ಅಲ್ಲ. ನಾ 'ಏನ್ರೀ' ಅಂದಕೂಡ್ಲೆ ಪಡಸಾಲ್ಯಾಗ ಕುರ್ಚಿ ಕಿರ್ ಅಂತೈತಿ. ಆಮ್ಯಾಲ ಲೈಟ್ ಹತ್ತತೈತಿ."

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

"ಅವರಿಗೆ ಹೇಳಬ್ಯಾಡ," ಎಂದರು. "ಅಕಿ ಹೆಸರ ನನಗೂ ಬರತೈತಿ. ಮಧ್ಯಾಹ್ನ ಅವರು ಮಲಗಿದಾಗ ಒಮ್ಮಿ ಕರದು 'ಲೈಟ್ ಆನ್' ಅಂದ್ ನೋಡೀನಿ, ಬರೋಬರಿ ಹತ್ತಿತು. ಆದ್ರ ಅಕಿನ್ನ ಕರದ್ರ ಇವರು ಎದ್ದು ದುರ್ಗದಬೈಲಿಗೆ ಹೊಂಟ ಬಿಡ್ತಾರಲ್ಲ."

ಹಿತ್ತಲ ಕೋಣೆಗೆ ಹೋಗಬೇಕಿತ್ತೇನೋ, ಎದ್ದು ಕತ್ತಲೆಯ ಬಾಗಿಲಲ್ಲಿ ನಿಂತರು. ಗೋಡೆಯ ಕಡೆ ಕೈ ಚಾಚಲಿಲ್ಲ. "ಏನ್ರೀ..." ಎಂದರು. ಹೊರಗೆ ಕುರ್ಚಿ ಕಿರ್ ಎಂದಿತು. ಕಾಕಿ ಅದನ್ನು ಕೇಳಿಸಿಕೊಂಡು, ದೀಪ ಹತ್ತುವ ಮೊದಲೇ ನಕ್ಕರು.